ಹುಚ್ಚ ಅನ್ನಬೇಡಿ, ಹೆಸರು ಹಿಡಿದು ಕರೆಯಿರಿ

ನನ್ನ ತಮ್ಮನಿಗೆ ಇಪ್ಪತ್ತೆರಡನೇ ವಯಸ್ಸಿಗೆ ಕಾಯಿಲೆ ಶುರುವಾಯಿತು. ರಾತ್ರಿಯಿಡೀ ನಿದ್ದೆಯಿಲ್ಲ, ಒಬ್ಬನೇ ಮಾತಾಡುವುದು, ಊಟದಲ್ಲಿ ವಿಷ ಇದೆ ಎಂಬ ಅನುಮಾನ. ಗಾಳಿ ಸೋಕಿದೆ ಅಂದರು. ತಾಯತ, ಹರಕೆ ಅಂತ ಎರಡು ವರ್ಷ ಅಲೆದೆವು, ಜೋಡೆತ್ತು ಮಾರಿದೆವು. ಜನರಿಗೆ ಅಂಜಿ ಅವನನ್ನು ಕೊಟ್ಟಿಗೆಯಲ್ಲಿ ಕಟ್ಟಿಯೂ ಹಾಕಿದೆ. ಅದು ನನ್ನ ತಪ್ಪು. ಸರಪಳಿ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ನಿಷೇಧಿಸಿದೆ.

ಕಡೆಗೆ ಧಾರವಾಡದ ಡಿಮ್ಹಾನ್ಸ್‌ಗೆ ಕರಕೊಂಡು ಹೋದೆವು. ಸ್ಕಿಜೋಫ್ರೇನಿಯಾ ಅಂದರು. ಇದು ಮಿದುಳಿನ ಕಾಯಿಲೆ, ಯಾರ ಶಾಪವೂ ಅಲ್ಲ.

ನಾವು ಕಲಿತದ್ದು:

1. ಮಾತ್ರೆಯ ಗುಣ ಕಾಣಲು ಕೆಲವು ವಾರ ಬೇಕು. ವಾಸಿಯಾಯ್ತೆಂದು ನಾವೇ ನಿಲ್ಲಿಸಬಾರದು. ಒಮ್ಮೆ ನಿಲ್ಲಿಸಿ, ಬಿತ್ತನೆ ಹೊತ್ತಿಗೆ ಮತ್ತೆ ಆಸ್ಪತ್ರೆ ಸೇರಿದ.
2. ಅವನಿಗೆ ಮೊದಲು ಕೆಡುವುದು ನಿದ್ದೆ. ಅದು ಕೆಟ್ಟ ಕೂಡಲೇ ಡಾಕ್ಟರರನ್ನು ಕಾಣುತ್ತೇವೆ.
3. ಬೈದರೆ, ಹಂಗಿಸಿದರೆ ಕಾಯಿಲೆ ಜಾಸ್ತಿ.
4. ಕ್ರಿಮಿನಾಶಕಕ್ಕೆ ಬೀಗ ಹಾಕಿ, ಕೀಲಿ ಬೇರೆಯವರ ಕೈಲಿರಲಿ.
5. ಕೇಳಲು ಯಾರೂ ಇಲ್ಲವೆ? 14416ಕ್ಕೆ ಫೋನ್ ಮಾಡಿ. 2022ರಲ್ಲಿ ಶುರುವಾದ ಸರ್ಕಾರದ ಟೆಲಿ-ಮಾನಸ್, ಪುಕ್ಕಟೆ. ಕನ್ನಡದಲ್ಲೇ ಮಾತಾಡಬಹುದು.

ಈ ಸಲ ನಮ್ಮ ಶೇಂಗಾ ಹೊಲದಲ್ಲಿ ಎಡೆ ಹೊಡೆದವನು ತಮ್ಮನೇ. ಆದರೂ ಕೆಲವರು ಇನ್ನೂ ‘ಆ ಹುಚ್ಚ’ ಅಂತಾರೆ. ಸಕ್ಕರೆ ಕಾಯಿಲೆಯವರನ್ನು ಹಾಗೆ ಆಡಿಕೊಳ್ಳುತ್ತೇವೆಯೆ? ನಿಮ್ಮೂರಲ್ಲೂ ಇಂಥವರು ಇದ್ದಾರು. ಹೆಸರು ಹಿಡಿದು ಕರೆಯಿರಿ, ಕೆಲಸಕ್ಕೂ ಕರೆಯಿರಿ.