ರಕ್ತಕ್ಕೆ ಗುಂಪಿದೆ, ಜನಾಂಗವಿಲ್ಲ

ಪ್ರಶ್ನೆ: ತಂದೆಗೆ ಸೊಂಟದ ಮೂಳೆಯ ಶಸ್ತ್ರಚಿಕಿತ್ಸೆ ಇದೆ. ಅವರದು ಬಿ ಪಾಸಿಟಿವ್. ಅದೇ ಗುಂಪಿನ ಸಹೋದ್ಯೋಗಿ, ಯಲ್ಲಾಪುರ ಕಡೆಯ ಸಿದ್ದಿ ಯುವಕ, ರಕ್ತ ಕೊಡಲು ಮುಂದೆ ಬಂದಿದ್ದಾರೆ. ‘ಆಫ್ರಿಕಾ ಮೂಲದವರ ರಕ್ತ ನಮಗೆ ಒಗ್ಗಲ್ಲ, ಮಗನೇ ಕೊಡಲಿ’ ಎನ್ನುತ್ತಾರೆ ಮನೆಯ ಹಿರಿಯರು. ಏನು ಮಾಡಲಿ?
– ಓದುಗರು, ಹೆಬ್ಬಾಳ

ಉತ್ತರ: ಆ ಯುವಕನ ರಕ್ತವನ್ನು ಧೈರ್ಯವಾಗಿ, ಕೃತಜ್ಞತೆಯಿಂದ ಪಡೆಯಿರಿ. ಎ, ಬಿ, ಎಬಿ, ಓ ಗುಂಪುಗಳು ಆಫ್ರಿಕಾದಲ್ಲೂ ಇವೆ, ಬೆಂಗಳೂರಿನಲ್ಲೂ ಇವೆ, ಪ್ರಮಾಣವಷ್ಟೇ ಬೇರೆ. ರಕ್ತನಿಧಿಯವರು ನೋಡುವುದು ಗುಂಪು, ಕ್ರಾಸ್‌ಮ್ಯಾಚ್ (ದಾನಿಯ ರಕ್ತ ರೋಗಿಯ ರಕ್ತಕ್ಕೆ ಹೊಂದುತ್ತದೆಯೇ ಎಂಬ ಪರೀಕ್ಷೆ), ಜೊತೆಗೆ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆಗಳನ್ನು. ಮೈಬಣ್ಣವನ್ನಲ್ಲ.

ಮಗನ ರಕ್ತವೇ ಮೇಲೆಂಬುದೂ ತಪ್ಪು. ಹತ್ತಿರದ ಸಂಬಂಧಿಯ ಬಿಳಿ ರಕ್ತಕಣಗಳನ್ನು ರೋಗಿಯ ದೇಹ ಹೊರಗಿನವೆಂದು ಗುರುತಿಸದೇ ಹೋಗಬಹುದು. ಆಗ ಅವು ಒಳಗೆ ಬೆಳೆದು ರೋಗಿಯ ಅಂಗಾಂಗಗಳ ಮೇಲೇ ದಾಳಿ ಮಾಡುತ್ತವೆ. ಇದು ಅಪರೂಪ, ಆದರೆ ಬಹುಪಾಲು ಪ್ರಾಣಾಂತಿಕ. ಅದಕ್ಕೇ ಅಂಥ ರಕ್ತವನ್ನು ವಿಕಿರಣಕ್ಕೆ ಒಡ್ಡಿದ ಮೇಲಷ್ಟೇ ಕೊಡಬೇಕು.

ಇನ್ನು ‘ಆಫ್ರಿಕಾ ಮೂಲ’ದ ಮಾತು. ಸಿದ್ದಿಗಳ ಪೂರ್ವಜರಲ್ಲಿ ಅನೇಕರನ್ನು ಪೋರ್ಚುಗೀಸರು ಗುಲಾಮರನ್ನಾಗಿ ಇಲ್ಲಿಗೆ ತಂದರು. 2011ರ ಅಧ್ಯಯನವೊಂದು ಸಿದ್ದಿಗಳ ವಂಶವಾಹಿಗಳಲ್ಲಿ ಆಫ್ರಿಕಾದ ಜೊತೆ ಭಾರತದ, ಯುರೋಪಿನ ಪಾಲನ್ನೂ ಕಂಡಿತು. ಮನುಷ್ಯರ ವಂಶವಾಹಿ ವ್ಯತ್ಯಾಸದಲ್ಲಿ ಸುಮಾರು 85% ಒಂದೊಂದು ಸಮುದಾಯದ ಒಳಗೇ ಇದೆ ಎಂದು 1972ರಲ್ಲೇ ತಳಿವಿಜ್ಞಾನಿ ರಿಚರ್ಡ್ ಲೆವೊಂಟಿನ್ ತೋರಿಸಿದ್ದರು. ‘ಜನಾಂಗ’ ಸಮಾಜ ಎಳೆದ ಗೆರೆ. ಆದರೆ ಅದು ಮಾಡುವ ಗಾಯ ನಿಜ. 2016ರ ಜನವರಿಯಲ್ಲಿ ಹೆಸರಘಟ್ಟದ ಬಳಿ ಸುಡಾನಿನವರೊಬ್ಬರ ಕಾರು ಡಿಕ್ಕಿಯಾಗಿ ಮಹಿಳೆಯೊಬ್ಬರು ತೀರಿಕೊಂಡಾಗ, ಆ ಅಪಘಾತಕ್ಕೆ ಸಂಬಂಧವೇ ಇಲ್ಲದ ಟಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಹಲ್ಲೆ ಮಾಡಿತು. ಮನೆಯಲ್ಲಿ ಆಡುವ ಇಂಥ ಮಾತುಗಳೇ ಬೀದಿಯಲ್ಲಿ ಕೈ ಎತ್ತಿಸುತ್ತವೆ. ಹಿರಿಯರಿಗೆ ಗೌರವದಿಂದಲೇ, ಆದರೆ ಸ್ಪಷ್ಟವಾಗಿ ತಿಳಿಹೇಳಿ.

ಪ್ರಶ್ನೆ: ನನ್ನ ಕಿಡ್ನಿ ಪರೀಕ್ಷೆಯ ವರದಿಯಲ್ಲಿ ಇಜಿಎಫ್‌ಆರ್ ಎರಡು ಬಗೆಯಲ್ಲಿದೆ. ಒಂದರ ಪಕ್ಕ ‘ಆಫ್ರಿಕನ್ ಅಮೆರಿಕನ್’ ಎಂದಿದೆ. ಯಾಕೆ?
– ಓದುಗರು, ಯಶವಂತಪುರ

ಉತ್ತರ: ಇಜಿಎಫ್‌ಆರ್ ಎಂದರೆ ಕಿಡ್ನಿ ರಕ್ತವನ್ನು ಎಷ್ಟು ಚೆನ್ನಾಗಿ ಶೋಧಿಸುತ್ತಿದೆ ಎಂಬ ಅಂದಾಜು. ನಿಮ್ಮ ವರದಿಯಲ್ಲಿರುವುದು ಹಳೆಯ ಸೂತ್ರ. ಕಪ್ಪು ಜನರಿಗೆ ಸ್ನಾಯು ಹೆಚ್ಚೆಂಬ ಊಹೆಯಲ್ಲಿ 2009ರ ಸೂತ್ರ ಅವರ ಅಂಕಿಯನ್ನು ಸುಮಾರು 16% ಏರಿಸುತ್ತಿತ್ತು. ಅದರಿಂದ ಕಿಡ್ನಿ ಕಾಯಿಲೆ ಇದ್ದರೂ ಇಲ್ಲದಂತೆ ಕಂಡು, ಅಮೆರಿಕದಲ್ಲಿ ಅನೇಕರು ಕಸಿಯ ಸರದಿಗೆ ತಡವಾಗಿ ಸೇರಿದರು. 2021ರಲ್ಲಿ ಜನಾಂಗವನ್ನು ಕೈಬಿಟ್ಟ ಹೊಸ ಸೂತ್ರ ಬಂತು; ಲ್ಯಾಬಿನಲ್ಲಿ ಅದನ್ನೇ ಕೇಳಿ. ಅಂಕಿ 60ಕ್ಕಿಂತ ಕಡಿಮೆ ಇದ್ದರೆ ಮೂತ್ರದ ಆಲ್ಬುಮಿನ್ ಪರೀಕ್ಷೆಯೊಂದಿಗೆ ಬೇಗ ವೈದ್ಯರನ್ನು ಕಾಣಿ. ಮೂರು ತಿಂಗಳ ನಂತರವೂ ಹಾಗೇ ಇದ್ದರೆ ಅದು ದೀರ್ಘಕಾಲದ ಕಿಡ್ನಿ ಕಾಯಿಲೆ.