ವಿದ್ಯುತ್ ಕ್ಯಾರವಾನ್: ಬಾಡಿ ಕಟ್ಟುವವರು ಮಾಡಬೇಕಾದ ಎರಡು ಲೆಕ್ಕ

2001ರಲ್ಲಿ 'ರೇವಾ' ವಿದ್ಯುತ್ ಕಾರನ್ನು ಮಾರುಕಟ್ಟೆಗೆ ತಂದ ನಗರ ಬೆಂಗಳೂರು. ವಿದ್ಯುತ್ ವಾಹನ ನೀತಿಯನ್ನು ದೇಶದಲ್ಲಿ ಮೊದಲು ಪ್ರಕಟಿಸಿದ ರಾಜ್ಯ ಕರ್ನಾಟಕ (2017). ಮಲಗುವ, ಅಡುಗೆ ಮಾಡುವ ಸೌಕರ್ಯವುಳ್ಳ ಪ್ರವಾಸಿ ಕ್ಯಾರವಾನ್ ಸಹ ವಿದ್ಯುತ್ತಿಗೆ ಬದಲಾದರೆ ಕಾಮಾಕ್ಷಿಪಾಳ್ಯ, ರಾಜಾಜಿನಗರಗಳ ಫ್ಯಾಬ್ರಿಕೇಷನ್ ಘಟಕಗಳಿಗೆ ಕೆಲಸ ದೊರೆಯಬಹುದು. ಆದರೆ ದರಪಟ್ಟಿ ನೀಡುವ ಮುನ್ನ ಎರಡು ಲೆಕ್ಕ ಅಗತ್ಯ.

ಮೊದಲನೆಯದು ವಿದ್ಯುತ್ತು. 1.5 ಕಿಲೋವ್ಯಾಟ್ ಸೆಳೆಯುವ ಹವಾನಿಯಂತ್ರಕವು ರಾತ್ರಿ 8 ಗಂಟೆ ನಡೆದರೆ 12 ಯೂನಿಟ್ ವ್ಯಯವಾಗುತ್ತದೆ. 60 ಯೂನಿಟ್ ಬ್ಯಾಟರಿಯಲ್ಲಿ ಇದು ಐದನೆಯ ಒಂದು ಭಾಗ, 300 ಕಿ.ಮೀ. ಓಡುವ ವಾಹನ ಮರುದಿನ 240 ಕಿ.ಮೀ.ಗೇ ನಿಲ್ಲುತ್ತದೆ. ಆದುದರಿಂದ ಹಗುರವಾದ ಒಳಾಂಗಣ, ತಂಗುದಾಣದಲ್ಲಿ ಚಾರ್ಜಿಂಗ್ ಇವೆರಡೂ ಅನಿವಾರ್ಯ.

ಎರಡನೆಯದು ತೆರಿಗೆ. 1-8-2019ರಿಂದ ವಿದ್ಯುತ್ ವಾಹನಗಳ ಜಿ.ಎಸ್.ಟಿ. ಶೇ. 5. ಆದರೆ ಗ್ರಾಹಕರೇ ಒದಗಿಸಿದ ಚಾಸಿಸ್ ಮೇಲೆ ಬಾಡಿ ಕಟ್ಟಿಕೊಟ್ಟರೆ ಅದು ಸೇವೆ, ದರ ಶೇ. 18. ಸ್ವಂತ ಚಾಸಿಸ್ ಮೇಲೆ ಕಟ್ಟಿ ಶೇ. 5ರಂತೆ ಮಾರಿದರೆ, ಶೇ. 18ರಂತೆ ಕೊಂಡ ಸಾಮಗ್ರಿಯ ಹೂಡುವಳಿ ತೆರಿಗೆ ಜಮೆ ಉಳಿದುಬಿಡುತ್ತದೆ. ಇದರ ಮರುಪಾವತಿ ಕೋರಬಹುದಾದರೂ, ಯಂತ್ರೋಪಕರಣ ಹಾಗೂ ಸೇವೆಗಳ ಮೇಲಿನ ತೆರಿಗೆಗೆ ಆ ಅವಕಾಶವಿಲ್ಲ. ಅಲ್ಪ ಬಂಡವಾಳದ ಘಟಕಕ್ಕೆ ಲಾಭವೆಲ್ಲವೂ ಇಲ್ಲಿಯೇ ಸಿಲುಕಬಹುದು. ಒಪ್ಪಂದದಲ್ಲಿ ಚಾಸಿಸ್ ಯಾರದೆಂಬುದನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳುವುದು ಶ್ರೇಯಸ್ಕರ.