ಸುನೌಲಿ ದಾಟಿದ ಮೇಲೆ

ಮಗೂ, ಗಾಡಿಯ ಸರ್ವೀಸ್ ಆಯಿತು, ಕ್ಲಚ್ ಕೇಬಲ್ಲೂ ಒಂದು ಹೆಚ್ಚಿಗೆ ಇಟ್ಟುಕೊಂಡಿದ್ದೇನೆ ಎಂದೆಯಲ್ಲ, ಸಂತೋಷ. ಮುಕ್ತಿನಾಥದವರೆಗೆ ಒಬ್ಬಳೇ ಹೋಗಿಬರುತ್ತೇನೆ ಎಂದು ನೀನು ಹೇಳಿದಾಗ ಮನೆಯಲ್ಲಿ ಬೇಡ ಅನ್ನದವನು ನಾನೊಬ್ಬನೇ. ಹಾಗಾಗಿ ನಾಲ್ಕು ಮಾತು ಹೇಳುವ ಹೊಣೆಯೂ ಈ ದೊಡ್ಡಪ್ಪನದೇ.

ಇಲ್ಲಿಂದ ಗೋರಖಪುರದವರೆಗಿನ ದಾರಿಯ ಬಗ್ಗೆ ನನಗೆ ಚಿಂತೆಯಿಲ್ಲ. ಚಿಂತೆಯೆಲ್ಲ ಸುನೌಲಿಯಲ್ಲಿ ಗಡಿ ದಾಟಿದ ಮೇಲಿನ ಮೊದಲ ಮೂರು ದಿನದ್ದು. ನೇಪಾಳದಲ್ಲೂ ಎಡಗಡೆಯೇ ಓಡಿಸುವುದು. ಬೋರ್ಡುಗಳು ನಾಗರಿ ಲಿಪಿಯಲ್ಲೇ ಇವೆ. ನಮಗೆ ವೀಸಾ ಬೇಕಿಲ್ಲ. ಎಲ್ಲ ನಮ್ಮಲ್ಲಿಯ ಹಾಗೇ ಕಾಣುತ್ತದೆ, ಆಗ ಮೈಮರೆಯುತ್ತೇವೆ. ಪೂರ್ತಿ ಬೇರೆಯಾದ ಊರಿನಲ್ಲಾದರೆ ಯಾರೂ ಹೇಳದೆಯೇ ಹುಷಾರಾಗಿರುತ್ತೇವೆ.

ಹಿಂದೆ ಇದೇ ದಾರಿಯಲ್ಲಿ ಹೋದಾಗ ನನಗೆ ಆದದ್ದನ್ನು ನಿಮ್ಮಪ್ಪನಿಗೂ ಪೂರ್ತಿ ಹೇಳಿಲ್ಲ. ಗಡಿಯಲ್ಲಿ ಭನ್ಸಾರ್ ಕಚೇರಿಯ, ಅಂದರೆ ಅವರ ಸುಂಕದ ಕಟ್ಟೆಯ, ಕೆಲಸ ಮುಗಿಯುವಷ್ಟರಲ್ಲಿ ಮಧ್ಯಾಹ್ನ ಮೂರು ಗಂಟೆ. ಪೊಖರಾ ಸುಮಾರು 180 ಕಿಲೋಮೀಟರ್, ಬೆಂಗಳೂರಿಂದ ಹಾಸನಕ್ಕೆ ಹೋದಷ್ಟೇ ಅಂದುಕೊಂಡು ಹೊರಟೆ. ಬುಟವಲ್ ಕಳೆದದ್ದೇ ಸಿದ್ಧಾರ್ಥ ರಾಜಮಾರ್ಗ ಬೆಟ್ಟ ಹತ್ತತೊಡಗಿತು. ಒಂದು ಪಕ್ಕ ಕಲ್ಲು ಉದುರುವ ಗುಡ್ಡ, ಇನ್ನೊಂದು ಪಕ್ಕ ಆಳದಲ್ಲಿ ತಿನಾವು ಹೊಳೆ. ಪಾಲ್ಪಾ ದಾಟುವಷ್ಟರಲ್ಲಿ ಕತ್ತಲು. ಒಂದು ತಿರುವಿನಲ್ಲಿ ಜಲ್ಲಿ ಹರಡಿದ್ದು ಕಾಣಲಿಲ್ಲ, ಮುಂದಿನ ಚಕ್ರ ಜಾರಿತು. ಬಿದ್ದದ್ದು ಗುಡ್ಡದ ಕಡೆಗೆ. ಹೊಳೆಯ ಕಡೆಗೆ ಬಿದ್ದಿದ್ದರೆ ಈ ಮಾತು ಹೇಳಲು ನಾನಿರುತ್ತಿರಲಿಲ್ಲ.

ಹತ್ತಿರದ ಚಹಾದಂಗಡಿಯ ಹೆಂಗಸು ಲಾಟೀನು ಹಿಡಿದು ಬಂದಳು. ಮೊಣಕಾಲು ತೊಳೆದು ಅರಿಶಿನ ಹಚ್ಚಿದಳು, ಬೇಳೆಸಾರು ಅನ್ನ ಬಡಿಸಿ, ಅಂಗಡಿಯ ಬೆಂಚಿನ ಮೇಲೆ ಹಾಸಿಗೆ ಹಾಸಿದಳು. ಬೆಳಿಗ್ಗೆ ಹೊರಡುವಾಗ ಅವಳು ಹೇಳಿದ್ದು ಒಂದೇ ಮಾತು, ‘ಬಿಸ್ತಾರೈ’. ನಿಧಾನ ಎಂದರ್ಥ. ನನ್ನ ಕಿವಿಗೆ ಅದು ನಮ್ಮ ‘ವಿಸ್ತಾರ’ದ ಹಾಗೆ ಕೇಳಿಸಿತ್ತು. ಅಲ್ಲಿಯ ಹೆಂಗಸರನ್ನು ‘ದಿದಿ’ ಎಂದು ಕರೆ, ಗಂಡಸರನ್ನು ‘ದಾಯ್’ ಎನ್ನು. ಅಕ್ಕ, ಅಣ್ಣ ಎಂದು ಕರೆಸಿಕೊಂಡವರು ದಾರಿ ತೋರಿಸದೆ ಕಳಿಸುವುದಿಲ್ಲ.

ಆದ್ದರಿಂದ ಮೊದಲ ದಿನ ಗಡಿ ದಾಟಿ ಭೈರಹವಾದಲ್ಲೇ ಉಳಿದುಬಿಡು. ಸಾಮಾನು ಇಳಿಸಿ, ಬರಿಯ ಗಾಡಿಯಲ್ಲಿ ಲುಂಬಿನಿಗೆ ಹೋಗು. ಇಪ್ಪತ್ತು ಚಿಲ್ಲರೆ ಕಿಲೋಮೀಟರ್, ಸಮತಟ್ಟು ರಸ್ತೆ. ಅಶೋಕ ನಿಲ್ಲಿಸಿದ ಕಂಬ ಇವತ್ತಿಗೂ ಅಲ್ಲಿದೆ, ನೋಡು. ಹೋಗಿಬರುವ ದಾರಿಯಲ್ಲಿ ಪೆಟ್ರೋಲ್ ಹಾಕಿಸು, ಚಿಲ್ಲರೆ ತಗೋ. ನಮ್ಮ 100 ರೂಪಾಯಿಗೆ ಅವರ 160. ಬಸ್ಸಿನವರು ಯಾವಾಗ ಹಾರ್ನ್ ಹೊಡೆಯುತ್ತಾರೆ, ಯಾರು ಯಾರಿಗೆ ದಾರಿ ಬಿಡುತ್ತಾರೆ, ಗಮನಿಸು. ಮುಂದಿನ ಲಾರಿ ಬಲಗಡೆಯ ದೀಪ ಮಿನುಗಿಸಿದರೆ ‘ನೀನು ಹೋಗು’ ಎಂದೋ ‘ನಾನು ತಿರುಗುತ್ತೇನೆ’ ಎಂದೋ ಕಣ್ಣಾರೆ ಖಾತ್ರಿಯಾಗುವವರೆಗೆ ಹಿಂದೆಯೇ ಇರು. ಘಟ್ಟದಲ್ಲಿ ಕಲಿಯುವ ಪಾಠವಲ್ಲ ಅದು.

ಭನ್ಸಾರಿನಲ್ಲಿ ಗಾಡಿಯ ದಿನದ ಸುಂಕವನ್ನು ಲೆಕ್ಕಕ್ಕಿಂತ ಎರಡು ದಿನ ಹೆಚ್ಚಿಗೆ ಕಟ್ಟಿ ಚೀಟಿ ತಗೋ. ಗುಡ್ಡ ಕುಸಿದು ರಸ್ತೆ ಮುಚ್ಚಿದರೆ ಚೀಟಿಯ ಅವಧಿ ಕಾಯುವುದಿಲ್ಲ, ಮೀರಿದರೆ ದಂಡ. ಆ ಚೀಟಿಯನ್ನು ಆರ್‌ಸಿ ಜೊತೆಯಲ್ಲೇ ಇಡು, ವಾಪಸು ಬರುವಾಗಲೂ ಕೇಳುತ್ತಾರೆ.

ಎರಡನೆಯ ದಿನ ಪಾಲ್ಪಾದ ತಾನ್ಸೇನ್‌ವರೆಗೆ ಸಾಕು. ‘ಸುಮಾರು ಅರವತ್ತು ಕಿಲೋಮೀಟರ್ ಅಷ್ಟೇ ಅಲ್ಲವಾ ದೊಡ್ಡಪ್ಪಾ’ ಅನ್ನುತ್ತೀಯ, ಗೊತ್ತು. ಹೊಸ ದೇಶದಲ್ಲಿ ಆಯಾಸ ಬರುವುದು ಕಿಲೋಮೀಟರಿನಿಂದಲ್ಲ. ಪ್ರತಿ ತಿರುವೂ ಹೊಸದು, ಪ್ರತಿ ಮಾತೂ ಹೊಸದು, ತಲೆ ಒಂದು ಕ್ಷಣವೂ ಸುಮ್ಮನಿರುವುದಿಲ್ಲ. ಅಂದು ಸೋತದ್ದು ನನ್ನ ಕೈಕಾಲಲ್ಲ, ಕಣ್ಣು. ಮೂರನೆಯ ದಿನ ಹಗಲಿರುವಾಗಲೇ ಪೊಖರಾ ಸೇರು.

ಅಲ್ಲಿಂದ ಮುಂದೆ ಬೇನಿ ದಾಟಿ ಕಾಳಿ ಗಂಡಕಿಯ ಕಣಿವೆ. ಧವಳಗಿರಿ, ಅನ್ನಪೂರ್ಣಾ ಎಂಬ ಎರಡು ಎಂಟುಸಾವಿರ ಮೀಟರಿನ ಪರ್ವತಗಳ ನಡುವಿನ ಓಣಿ ಅದು. ಬಿಸಿಲೇರಿದಂತೆ ಮೇಲಿನ ಬಯಲು ಕಾಯುತ್ತದೆ, ಕೆಳಗಿನ ಗಾಳಿ ಕಣಿವೆಯಲ್ಲಿ ನುಗ್ಗಿ ಏರುತ್ತದೆ. ಮಧ್ಯಾಹ್ನದ ಹೊತ್ತಿಗೆ ಜೋಮಸೋಮ್ ಬಳಿ ಗಾಡಿಯನ್ನೇ ಅತ್ತ ತಳ್ಳುವಷ್ಟು ಜೋರು, ಮುಖಕ್ಕೆಲ್ಲ ಮರಳು. ಜೋಮಸೋಮ್‌ನ ವಿಮಾನಗಳೂ ಬೆಳಗ್ಗೆಯೇ ಹಾರಿಬಿಡುತ್ತವೆ, ನೀನೂ ಹಾಗೇ ಮಾಡು. ಮುಕ್ತಿನಾಥ 3,700 ಮೀಟರಿಗೂ ಮೇಲಿದೆ. ಮಾರ್ಫಾದಲ್ಲೋ ಕಾಗಬೇನಿಯಲ್ಲೋ ಒಂದು ರಾತ್ರಿ ಮಲಗಿಯೇ ಮೇಲೆ ಹೋಗು. ತಲೆ ಸಿಡಿದು ವಾಂತಿ ಬಂದರೆ ಹಟ ಬೇಡ, ಇಳಿದುಬಿಡು.

ಅಜ್ಜಿಯ ದೇವರ ಪೆಟ್ಟಿಗೆಯಲ್ಲಿರುವ ಸಾಲಿಗ್ರಾಮ ಬಂದದ್ದು ಇದೇ ಗಂಡಕಿಯಿಂದ. ಮಡಿಯುಟ್ಟು ಅದನ್ನು ತೊಳೆಯುತ್ತ ಎಪ್ಪತ್ತು ವರ್ಷ ಕಳೆದ ಅವಳು ಆ ನದಿಯನ್ನು ಕಂಡವಳಲ್ಲ. ದಂಡೆಯಲ್ಲಿ ಗಾಡಿ ನಿಲ್ಲಿಸಿ, ನೆಟ್‌ವರ್ಕ್ ಇದ್ದರೆ ಅವಳಿಗೆ ಫೋನು ಮಾಡಿ ನೀರಿನ ಸದ್ದು ಕೇಳಿಸು. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಕಾಲು ಗಂಟೆ ಮುಂದೆ. ಅವಳ ಬೆಳಗಿನ ಪೂಜೆ ಎಂಟೂವರೆಗೆ ಮುಗಿಯುತ್ತದೆ, ನಿನ್ನ ಗಡಿಯಾರದಲ್ಲಿ ಎಂಟೂ ಮುಕ್ಕಾಲು.